ಸೀರೆಯ ಬಾಗಿಲು

"ಲೇ ಕೋಜಾ, ಎದ್ದೇಳ್ಲಾ ಮೇಲಕ್ಕೆ. ನಿಂಗೇ ಹೇಳ್ತಿರಾದು."

ಮಾರಕ್ಕನ ಎರಡೂ ಕೈ ಬೇಸಿನ್ನಿನ ಬಿಸಿನೀರಿನಲ್ಲಿದ್ದವು. ಬೆಂದ ರೇಷ್ಮೆಗೂಡುಗಳಿಂದ ಎಳೆಯ ತುದಿ ಸಿಕ್ಕು ಇನ್ನೇನು ರಾಟೆಗೆ ಏರಬೇಕು ಅನ್ನುವಷ್ಟರಲ್ಲಿ ಮಾಲೀಕ ಗಂಗಹನುಮಯ್ಯನ ದನಿ ಶೆಡ್ಡಿನ ತಗಡಿಗೆ ಬಡಿದು ಬಂತು. ಎಳೆ ಬಿಟ್ಟರೆ ತುಂಡಾಗುತ್ತದೆ, ತುಂಡಾದರೆ ಬೈಗುಳ. ಬಿಡದೆ ಕೂತರೂ ಬೈಗುಳ. ಅವಳು ಎಳೆಯನ್ನು ಪಕ್ಕದ ಬೇಸಿನ್ನಿನ ಬದ್ರುನ್ನೀಸಾಳ ಬೆರಳಿಗೆ ದಾಟಿಸಿ, ಸುಕ್ಕುಗಟ್ಟಿ ಬೆಳ್ಳಗಾಗಿದ್ದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಎದ್ದು ನಿಂತಳು.

"ಬೆಳಿಗ್ಗೆ ಯಾವ್ ಕಕ್ಕಸ್ಗೆ ಹೋಗಿದ್ದೆ?"

"ಇರಾದೇ ಒಂದಲ್ವಾ ಸ್ವಾಮಿ."

"ಅದು ಹೆಂಗಸ್ರುದು."

"ಅದ್ಕೇ ಹೋದೆ."

ಗೂಡಿನ ಮೂಟೆ ಇಳಿಸುತ್ತಿದ್ದ ಗಂಡಸರು ಕಿಸಕ್ಕೆಂದರು. ಗಂಗಹನುಮಯ್ಯನೂ ನಕ್ಕ. ನಗುತ್ತಲೇ ಹತ್ತಿರ ಬಂದು, ಕೈಯಲ್ಲಿದ್ದ ಬೈಕಿನ ಕೀಲಿಯಿಂದ ಅವಳ ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿದ.

"ಹೆಂಗಸಾ? ಹಂಗಾರೆ ಪೂರ್ತಿ ಎತ್ತು. ಎಲ್ಲಾರೂ ನೋಡ್ಲಿ. ಇಲ್ಲಿರೋರೆಲ್ಲ ಮಾನಸ್ತರ ಮನೆ ಹೆಣ್ಮಕ್ಳು. ಅವ್ರು ಕೂರೋ ಜಾಗದಾಗೆ ನೀನ್ ಏನ್ ಇಟ್ಕಂಡ್ ಕೂತ್ಕಂಡೆ ಅಂತ ಅವ್ರಿಗೂ ಗೊತ್ತಾಗ್ಲಿ."

ಮಾರಕ್ಕ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಸುತ್ತ ಬೇಸಿನ್ನುಗಳ ಮುಂದೆ ಕೂತಿದ್ದ ಹೆಂಗಸರು ನೀರಿನಿಂದ ಕಣ್ಣೆತ್ತಲಿಲ್ಲ. ಬೆಂದ ಹುಳದ ವಾಸನೆ ಎಂದಿನಂತೆ ಶೆಡ್ಡನ್ನೆಲ್ಲ ತುಂಬಿತ್ತು. ಎತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗಂಗಹನುಮಯ್ಯ ಬೇಸಿನ್ನಿಗೆ ಒಂದು ಒದೆ ಕೊಟ್ಟ. ಬಿಸಿನೀರು ಅವಳ ಪಾದದ ಮೇಲೆ ಚೆಲ್ಲಿತು. ಆಮೇಲೆ ಅವನು ಮನೆಯೊಳಕ್ಕೆ ಹೋಗಿ, ಒಂದು ಹಿತ್ತಾಳೆ ಬೀಗ ತಂದು, ಶೆಡ್ಡಿನ ಹಿಂದಿದ್ದ ಕಕ್ಕಸಿನ ಚಿಲಕಕ್ಕೆ ಜಡಿದ.

"ಇವತ್ತಿಂದ ಯಾರ್ಗೂ ಇಲ್ಲ. ಈ ಒಂಬತ್ತು ಶೆಡ್ಡಿಂದ ಆಚಿಗೆ ಹೋದ್ ದಿವ್ಸ ಬೀಗ ತಗೀತೀನಿ. ನಾನ್ ಯಾರ್ನೂ ಕೆಲ್ಸ ಬುಡಿಸಾಕಿಲ್ಲ. ಬುಡ್ಸಿದ್ರೆ ಅದ್ಯಾವ್ದೋ ಕಾನೂನು ಅಂತ ಬತ್ತಾರೆ. ನೀವ್ ನೀವೇ ತೀರ್ಮಾನ ಮಾಡ್ಕೊಳಿ."

ಮಾರಕ್ಕನದು ಸಾತನೂರಿನ ಕಡೆಯ ಹಳ್ಳಿ. ಹುಟ್ಟಿದಾಗ ಇಟ್ಟ ಗಂಡು ಹೆಸರನ್ನು ಅಪ್ಪ ಹಗ್ಗದಲ್ಲಿ ಬಡಿಯುತ್ತ ಕೂಗುತ್ತಿದ್ದ, ಹಾಗಾಗಿ ಆ ಹೆಸರು ಕೇಳಿದರೆ ಅವಳಿಗೆ ಇಂದಿಗೂ ಬೆನ್ನು ಚುಳ್ಳೆನ್ನುತ್ತಿತ್ತು. ಮನೆಯಿಂದ ಅಟ್ಟಿದ ದಿನ ಬಸ್ ಸ್ಟ್ಯಾಂಡಿನ ತನಕ ಹಿಂದೆ ಬಂದವಳು ಅಜ್ಜಿಯೊಬ್ಬಳೇ. ಆ ಅಜ್ಜಿ ಸತ್ತ ಸುದ್ದಿ ಕೇಳಿದಾಗ ಇವಳು ಅವಳ ಹೆಸರನ್ನೇ ಇಟ್ಟುಕೊಂಡಳು. ರಾಮನಗರದಲ್ಲಿ ತನ್ನಂಥವರ ಹಿರಿಯಳಾದ ಫಿರೋಜಮ್ಮನ ಮನೆ ಸೇರಿ, ಅವಳ ಮಗಳಾಗಿ, ಅಂಗಡಿ ಅಂಗಡಿ ಮುಂದೆ ಚಪ್ಪಾಳೆ ತಟ್ಟಿ ಬದುಕಿದ್ದಳು. ಕೊರೊನಾ ಬಂದು ಅಂಗಡಿಗಳು ಮುಚ್ಚಿದವು. ತೆರೆದ ಮೇಲೂ ಜನ ದೂರದಿಂದಲೇ ಹೋಗು ಹೋಗು ಎಂದು ಕೈ ಬೀಸತೊಡಗಿದರು. ಅದೇ ಬೀದಿಯ ಬದ್ರುನ್ನೀಸಾ, "ಕೈ ಬೇಯ್ಸ್ಕಂತೀಯೇನೇ? ಬೇಯ್ಸ್ಕಂಡ್ರೆ ಕೆಲ್ಸ ಐತೆ," ಎಂದು ಈ ಶೆಡ್ಡಿಗೆ ಕರೆತಂದಿದ್ದಳು.

ಕೈ ಬೇಯುವುದಕ್ಕೆ ಒಗ್ಗಿಕೊಂಡಳು. ಒಗ್ಗದೇ ಇದ್ದದ್ದು ಉಚ್ಚೆ ಕಟ್ಟುವುದು. ಕೆಲಸಕ್ಕೆ ಸೇರಿದಾಗಿನಿಂದ ಅವಳು ಬೆಳಗಿನಿಂದ ಸಂಜೆಯ ತನಕ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಮೊದಮೊದಲು ರೈಲು ಹಳಿಯಾಚೆಯ ಪೊದೆಗೆ ಹೋಗುತ್ತಿದ್ದಳು. ಪಡ್ಡೆಗಳು ಫೋನು ಹಿಡಿದು ಅಲ್ಲಿಗೂ ಬಂದ ಮೇಲೆ ಅದನ್ನೂ ಬಿಟ್ಟಳು. ಹೊಟ್ಟೆಯ ಕೆಳಗೆ ಉರಿ ಶುರುವಾಯಿತು, ಜ್ವರ ಬಂತು. ಬೀಗ ಬಿದ್ದ ದಿನ ಬೆಳಿಗ್ಗೆ ಅವಳು ಬೇಸಿನ್ನಿನ ಮುಂದೆ ಮುದುಡಿಕೊಂಡಿದ್ದನ್ನು ನೋಡಿದ ಬದ್ರುನ್ನೀಸಾ, "ಎದ್ದು ಹೋಗೇ ಒಳಗೆ. ನಾನ್ ಬಾಗ್ಲಾಗ್ ನಿಂತ್ಕತೀನಿ," ಎಂದು ರಟ್ಟೆ ಹಿಡಿದು ಎಬ್ಬಿಸಿದ್ದಳು. ಮೂಟೆ ಹೊರುವ ಒಬ್ಬ ಅದನ್ನು ನೋಡಿದ್ದ. ಅಷ್ಟೇ ನಡೆದದ್ದು.

ಮಧ್ಯಾಹ್ನದ ಹೊತ್ತಿಗೆ ಬೀಗ ತನ್ನ ಕೆಲಸ ಶುರು ಮಾಡಿತು.

"ನಿನ್ನೊಬ್ಬನಿಂದ ನಮ್ಗೆಲ್ಲ ಉಚ್ಚೆ ಕಟ್ತಲ್ಲೋ," ಎಂದಳು ದೊಡ್ಡಲಕ್ಷ್ಮಮ್ಮ. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು, ಗಂಡ ಸತ್ತವಳು. ಮಾರಕ್ಕನನ್ನು ಅವಳು ಒಂದು ದಿನವೂ ಹೆಣ್ಣಿನ ಲೆಕ್ಕದಲ್ಲಿ ಮಾತಾಡಿಸಿದವಳಲ್ಲ. "ನಮ್ ಪಾಡಿಗ್ ನಾವಿದ್ವಿ. ಎಲ್ಲಿಂದ ಬಂದ್ಯಪ್ಪಾ ನೀನು?"

"ಹೋಯ್ತೀನಿ ಬುಡಕ್ಕ. ಸಂಜೆಗೆ ಹೋಯ್ತೀನಿ," ಎಂದಳು ಮಾರಕ್ಕ.

"ಎಲ್ಲಿಗ್ ಹೋಯ್ತೀಯೆ? ಕೂತ್ಕ ಸುಮ್ಕೆ," ಎಂದು ಬದ್ರುನ್ನೀಸಾ ಗದರಿದಳು. "ಇವತ್ತು ಇವ್ಳಿಗೆ ಬೀಗ. ನಾಳೀಕೆ ಮುಟ್ಟಾದೋಳಿಗೆ ಬೀಗ ಅಂತಾನೆ. ಆವಾಗ ಯಾರ್ನ ಓಡಿಸ್ತೀಯ ಲಕ್ಷ್ಮಕ್ಕ?"

ದೊಡ್ಡಲಕ್ಷ್ಮಮ್ಮ ಮುಖ ತಿರುಗಿಸಿ ಬೇಸಿನ್ನಿಗೆ ಕೈ ಇಟ್ಟಳು. ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಬ್ಬಳು ಕಾಲು ಬದಲಿಸುತ್ತಿದ್ದಳು, ಇನ್ನೊಬ್ಬಳು ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದಳು. ಎಳೆಗಳು ಮೇಲಿಂದ ಮೇಲೆ ತುಂಡಾಗುತ್ತಿದ್ದವು. ಕೊನೆಯ ಬೇಸಿನ್ನಿನ ಚಿನ್ನಮ್ಮ ತುಂಬಿದ ಬಸುರಿ. ಅವಳು ತುಟಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದಳು. ಒಂದು ಹೊತ್ತಿನಲ್ಲಿ ಅವಳ ಕೈ ನಿಂತಿತು. ಮಾರಕ್ಕ ತಿರುಗಿ ನೋಡಿದಾಗ ಅವಳು ಕೂತಿದ್ದ ಹಲಗೆಯಿಂದ ನೀರು ಇಳಿದು ನೆಲದ ಮೇಲೆ ಹರಿದು, ಸತ್ತ ಹುಳಗಳ ರಾಶಿಯ ಕಡೆಗೆ ಹೋಗುತ್ತಿತ್ತು. ಬೇಸಿನ್ನಿನ ನೀರು ಚೆಲ್ಲಿತೇನೋ ಎಂದು ಎಲ್ಲರೂ ಅಂದುಕೊಳ್ಳಬಹುದಿತ್ತು. ಚಿನ್ನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದ್ದರಿಂದ ಯಾರಿಗೂ ಹಾಗೆ ಅಂದುಕೊಳ್ಳಲಾಗಲಿಲ್ಲ.

ದೊಡ್ಡಲಕ್ಷ್ಮಮ್ಮನೇ ಎದ್ದು ಹೋಗಿ ಗೋಣಿಚೀಲ ಹಾಸಿದಳು. ಒರೆಸುತ್ತ ಒರೆಸುತ್ತ, "ಬೋಳಿಮಗ," ಎಂದಳು. ಯಾರಿಗೆ ಅಂದಳೆಂದು ಗೊತ್ತಾಗಲಿಲ್ಲ.

ಆಗ ಬೇಸಿನ್ನುಗಳ ಕುದಿ ತಗ್ಗತೊಡಗಿತು. ಮೊದಲು ಗುಳ್ಳೆ ನಿಂತವು. ಆಮೇಲೆ ಆವಿ ಸಣ್ಣಗಾಯಿತು. ಬಾಯ್ಲರಿನಿಂದ ಬರುವ ಕೊಳವೆಯ ಸೀಟಿ ಸದ್ದು ಅಡಗಿದ ಮೇಲೆ ಶೆಡ್ಡಿನಲ್ಲಿ ರಾಟೆಗಳ ಕಿರ್ರೆನ್ನುವ ಸದ್ದೊಂದೇ ಉಳಿಯಿತು. ಹೆಂಗಸರು ಒಬ್ಬೊಬ್ಬರಾಗಿ ಕೈ ತೆಗೆದರು.

ಬಾಯ್ಲರು ನೋಡಿಕೊಳ್ಳುತ್ತಿದ್ದವನು ಶುಕೂರ್. ಮಾತು ಕಡಿಮೆ. ತಾನು ಶೆಡ್ಡಿಗೆ ಬರುವ ಮುಂಚಿನಿಂದಲೂ ಅವನು ಮಾರಕ್ಕನಿಗೆ ಗೊತ್ತು. ಬಹಳ ಹಿಂದೆ ಅರ್ಕಾವತಿ ಹೊಳೆಯ ಹತ್ತಿರ ಅವನನ್ನೂ ಇನ್ನೊಬ್ಬ ಗಂಡಸನ್ನೂ ಪೊಲೀಸರು ಹಿಡಿದು, ಚಡ್ಡಿಯಲ್ಲಿ ರಸ್ತೆಬದಿ ಕೂರಿಸಿ, ಹೋಗುವವರಿಗೆಲ್ಲ ತೋರಿಸಿದ್ದರು. ಆಗ ಫಿರೋಜಮ್ಮನ ಜೊತೆ ಆ ದಾರಿಯಲ್ಲಿ ಬರುತ್ತಿದ್ದ ಮಾರಕ್ಕ ಕಂಡಿದ್ದಳು. ಅವಳು ಕಂಡಿದ್ದನ್ನು ಅವನೂ ಕಂಡಿದ್ದ. ಶೆಡ್ಡಿನಲ್ಲಿ ಎದುರುಬದುರಾದಾಗ ಇಬ್ಬರೂ ಆ ಮಾತು ಎತ್ತಿರಲಿಲ್ಲ. ಬೇರೆ ಮಾತನ್ನೂ ಆಡಿರಲಿಲ್ಲ.

ಗಂಗಹನುಮಯ್ಯ ಊಟದ ಕೈಯಲ್ಲೇ ಓಡಿಬಂದ. "ಯಾಕ್ಲಾ ಸ್ಟೀಮ್ ನಿಲ್ಲಿಸ್ದೆ? ಗೂಡೆಲ್ಲ ಅರೆಬೆಂದು ಹಾಳಾಯ್ತವಲ್ಲೋ."

"ಬೀಗ ತಗೀರಿ," ಎಂದ ಶುಕೂರ್.

"ಏನಂದೆ?"

"ಬೀಗ ತಗೀರಿ. ಬೆಂಕಿ ಹಾಕ್ತೀನಿ."

ಗಂಗಹನುಮಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. ದನಿ ತಗ್ಗಿಸಲಿಲ್ಲ, ಎಲ್ಲರಿಗೂ ಕೇಳುವಂತೆಯೇ ಅಂದ. "ಓ, ಜಾತಿಗ್ ಜಾತಿ ಸೇರ್ಕಂಡ್ತು. ನಿಂದೂ ಗೊತ್ತು ಕಣ್ಲಾ. ಹೊಳೆತಾವ ಪೊಲೀಸ್ನೋರು ಚಡ್ಡೀಲಿ ಕೂರ್ಸಿದ್ರಲ್ಲ, ನಿನ್ ಹೆಂಡ್ತಿಗೆ ಗೊತ್ತೇನ್ಲಾ ಅದು? ಹೇಳ್ಕಳಿಸ್ಲಾ?"

ಶುಕೂರನ ಮುಖ ಬಾಯ್ಲರಿನ ಬೂದಿಯ ಬಣ್ಣಕ್ಕೆ ತಿರುಗಿತು. ಅವನು ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟ.

"ಹೇಳಿ ಸ್ವಾಮಿ. ಇಷ್ಟ್ ವರ್ಷ ಅದೇ ಭಯಕ್ಕೆ ನೀವ್ ಅಂದಂಗೆ ಬೆಂಕಿ ಹಾಕ್ದೆ. ಇವತ್ತು ಹಾಕಾಕಿಲ್ಲ."

ಆ ಮಾತು ಮುಗಿಯುವ ಮೊದಲೇ ಹಿಂದಿನಿಂದ ಕಲ್ಲಿನ ಸದ್ದು ಬಂತು. ಬದ್ರುನ್ನೀಸಾ ಒಗೆಯುವ ಕಲ್ಲಿನ ಪಕ್ಕದ ಗುಂಡುಕಲ್ಲು ಎತ್ತಿಕೊಂಡು ಬೀಗಕ್ಕೆ ಕುಟ್ಟುತ್ತಿದ್ದಳು. ಬೀಗ ಜಗ್ಗಲಿಲ್ಲ, ಚಿಲಕವೇ ಮರದಿಂದ ಕಿತ್ತು ಬಂತು. ಅವಳು ಚಿನ್ನಮ್ಮನ ಕೈ ಹಿಡಿದು ಒಳಗೆ ಬಿಟ್ಟಳು. ಆಮೇಲೆ ಹೆಂಗಸರು ಸಾಲಾಗಿ ನಿಂತರು. ಮಾರಕ್ಕ ಹಿಂದೆ ಸರಿದು ನಿಂತಾಗ ಬದ್ರುನ್ನೀಸಾ ಅವಳನ್ನು ಸಾಲಿನ ನಡುವೆ ನೂಕಿದಳು. ಬೇಸಿನ್ನಿನಲ್ಲಿ ಗೂಡು ತಣ್ಣಗಾಗುತ್ತಿದ್ದವು. ಗಂಗಹನುಮಯ್ಯ ಬೇಸಿನ್ನುಗಳನ್ನೊಮ್ಮೆ, ಸಾಲನ್ನೊಮ್ಮೆ ನೋಡಿ, ಎಂಜಲು ಕೈ ಜಾಡಿಸಿ, "ಮುಗಿಸ್ಕಂಡು ಬನ್ರೇ ಮುಂಡೇರಾ," ಎಂದು ಹೋದ.

ಮಾರನೆಯ ಬೆಳಿಗ್ಗೆ ಶುಕೂರನನ್ನು ಗೇಟಿನೊಳಗೆ ಬಿಡಲಿಲ್ಲ. ಹೆಂಗಸರು ಕೇಳಿದರು, ಗಂಗಹನುಮಯ್ಯ ಜಪ್ಪಯ್ಯ ಅನ್ನಲಿಲ್ಲ. ಬೇರೆ ಶೆಡ್ಡುಗಳವರೂ ಅವನನ್ನು ಸೇರಿಸಲಿಲ್ಲ. ಹೇಳಿಕಳಿಸುತ್ತೇನೆಂದಿದ್ದ ಮಾತು ಮನೆಗೂ ತಲುಪಿತ್ತು. ಹೆಂಡತಿ ಏನೂ ಕೇಳದೆ ತವರಿನ ಬಸ್ಸು ಹತ್ತಿದಳಂತೆ.

ಭಾನುವಾರ ಅವನು ಫಿರೋಜಮ್ಮನ ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮಾರಕ್ಕ ಟೀ ತಂದು ಕೊಟ್ಟಳು.

"ನನ್ನಿಂದ ನಿಮ್ ಸಂಸಾರ ಹಾಳಾಯ್ತಲ್ಲ ಭಾಯ್."

"ನಿನ್ನಿಂದ ಅಲ್ಲ," ಎಂದ. ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದ. "ಹೊಳೆತಾವ ಅವತ್ತು ನೀನು ನೋಡ್ದೆ. ನಗ್ನಿಲ್ಲ ನೀನು. ಎಲ್ಲಾರೂ ನಗ್ತಿದ್ರು."

ಫಿರೋಜಮ್ಮ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ವಯಸ್ಸಾದರೂ ದನಿಯ ಗಡಸು ಹೋಗಿರಲಿಲ್ಲ. ಬದ್ರುನ್ನೀಸಾ, ಚಿನ್ನಮ್ಮ ಬಂದಿದ್ದರು. ಚನ್ನಪಟ್ಟಣದಿಂದ, ಮಾಗಡಿಯಿಂದ ಮಾರಕ್ಕನಂತೆಯೇ ಫಿರೋಜಮ್ಮನ ಮಕ್ಕಳಾದವರು ಕೆಲವರು ಬಂದಿದ್ದರು. ಬೀಗ ಒಡೆದ ಕಥೆ ಕೇಳಿ ಅವರೆಲ್ಲ ಚಪ್ಪಾಳೆ ತಟ್ಟಿ ನಗುತ್ತಿದ್ದರು.

"ನಗ್ರಿ, ನಗ್ರಿ," ಎಂದಳು ಫಿರೋಜಮ್ಮ. "ಹಿಂದ್ಕೆ ಪೊಲೀಸ್ ಟೇಸನ್ ಗೋಡೆ ಮ್ಯಾಲೆ ಕಳ್ರ ಪಕ್ಕ ನಮ್ ಫೋಟೋ ಹಾಕಿದ್ರು. ಅದು ತಗೀಸ್ದಾಗ್ಲೂ ಹಿಂಗೇ ನಕ್ಕಿದ್ವಿ. ಗಂಡ್ಸು ಗಂಡ್ಸು ಕೂಡಿದ್ರೆ ಜೈಲಿಲ್ಲ ಅಂತ ಕೋರ್ಟ್ನೋರು ಹೇಳಿದ್ ದಿವ್ಸ ಈ ಬೀದಿಗೆಲ್ಲ ಜಿಲೇಬಿ ಹಂಚ್ದೆ. ಮಾರ್ನೆ ದಿವ್ಸ ಅದೇ ಪೊಲೀಸ್ನೋನು ಅದೇ ಲಾಠಿ ತಗಂಡು ಬಂದ. ಏನಪ್ಪಾ ಕಾನೂನು ಹೋಯ್ತಲ್ಲ ಅಂದ್ರೆ, ಲಾಠಿ ಇಲ್ಲೇ ಐತಲ್ಲ ಅಂದ."

ಯಾರೂ ನಗಲಿಲ್ಲ.

"ಅವ್ನು ಸುಮ್ಕಿರಾಕಿಲ್ಲ ಕಣ್ರೇ. ಇನ್ನೊಂದ್ ದಾರಿ ಹುಡುಕ್ತಾನೆ. ಶುಕೂರಾ, ನಿಂಗೆ ಹೆಂಗೂ ಕೆಲ್ಸಿಲ್ಲ. ಗೇಟಿನ್ ಎದುರ್ಗಡೆ ಟೀ ಅಂಗಡೀಲಿ ಕೂತ್ಕ. ಜೀಪು ಗೀಪು ಏನಾರ ಬಂದ್ರೆ ನಂಗೊಂದು ಫೋನ್ ಮಾಡು. ನಾವಿರೋರೆಲ್ಲ ಬತ್ತೀವಿ."

ಸೋಮವಾರ ಅವರೆಲ್ಲ ಸೇರಿ ಕಕ್ಕಸಿನ ದೂರು ಹೊತ್ತು ತಾಲ್ಲೂಕು ಕಚೇರಿಯ ಅಧಿಕಾರಿಯೊಬ್ಬರನ್ನು ಕಂಡರು. ಅವರು ಕಚೇರಿಯ ವರಾಂಡದಲ್ಲೇ ನಿಲ್ಲಿಸಿ ಮಾತಾಡಿಸಿದರು. "ನಿಮಗೇಂತಲೇ ಸರ್ಕಾರ ಆಕ್ಟ್ ಮಾಡಿದೆಯಲ್ಲಮ್ಮ. ಇನ್ನೇನು ಬೇಕು ನಿಮಗೆ?" ಎಂದರು. ಮಾರಕ್ಕನ ಕಡೆ ನೋಡಿ, "ಆಪರೇಷನ್ ಆಗಿದೆಯಾ?" ಎಂದು ಕೇಳಿದರು. ವರಾಂಡದಲ್ಲಿ ಪಹಣಿಗೆ ಕಾದಿದ್ದ ರೈತರೆಲ್ಲ ತಿರುಗಿ ನೋಡಿದರು.

"ನಿಮ್ಗ್ ಆಗೈತಾ ಸಾರ್?" ಎಂದಳು ಬದ್ರುನ್ನೀಸಾ.

ಅಧಿಕಾರಿ ಬಂದು ನೋಡುತ್ತೇನೆಂದರು. ಬಂದರು ಕೂಡ. ಶೆಡ್ಡಿನ ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ಒಮ್ಮೆ ಇಣುಕಿ, ಗಂಗಹನುಮಯ್ಯನ ಮನೆಯ ವರಾಂಡದಲ್ಲಿ ಎಳನೀರು ಕುಡಿದು ಹೋದರು. ಮರುದಿನ ಕಕ್ಕಸಿಗೆ ಬಾಗಿಲೇ ಇರಲಿಲ್ಲ. ಚೌಕಟ್ಟಿನ ಕೀಲುಗಳಿಂದ ಕಳಚಿ ಒಯ್ದಿದ್ದರು.

"ನೀವೇ ಒಡೆದಾಕಿದ್ರಲ್ಲ, ರಿಪೇರಿಗೆ ಹೋಗೈತೆ," ಎಂದ ಗಂಗಹನುಮಯ್ಯ. ಕಕ್ಕಸಿನ ಎದುರಿಗೇ ಗೂಡಿನ ಮೂಟೆ ಇಳಿಸುವ ಜಾಗ. ಗಂಡಸರು ದಿನವಿಡೀ ಅಲ್ಲೇ ಓಡಾಡುತ್ತಿದ್ದರು.

ಫಿರೋಜಮ್ಮ ಟ್ರಂಕಿನಿಂದ ತನ್ನದೊಂದು ಹಳೆಯ ಸೀರೆ ತೆಗೆದುಕೊಟ್ಟಳು, ಒತ್ತಾದ ನೂಲಿನದು. ಹೆಂಗಸರು ಮೊಳೆ ಹೊಡೆದು ಕಟ್ಟಿದರು. ಸಂಜೆಯೊಳಗೆ ಗಂಗಹನುಮಯ್ಯ ಮೊಳೆ ಕೀಳಿಸಿದ. ಮತ್ತೆ ಹೊಡೆದರು, ಮತ್ತೆ ಕೀಳಿಸಿದ. ಕೊನೆಗೆ ಮೊಳೆಯ ತಂಟೆಯೇ ಬೇಡವೆಂದು ಸೀರೆಯನ್ನು ಎರಡು ಮಡಿಕೆ ಮಾಡಿ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬೆನ್ನು ಹಾಕಿ ಕೈ ಅಗಲಿಸಿ ಹಿಡಿದು ನಿಲ್ಲುವಂತೆ ಮಾಡಿಕೊಂಡರು. ಮಾರಕ್ಕ ಹೋದಾಗ ಚಿನ್ನಮ್ಮ ಹಿಡಿದಳು. ಚಿನ್ನಮ್ಮ ಹೋದಾಗ ಮಾರಕ್ಕ ಹಿಡಿದಳು. ದೊಡ್ಡಲಕ್ಷ್ಮಮ್ಮ ಮಾತ್ರ ಮಾರಕ್ಕ ಹಿಡಿದಿದ್ದಾಗ ಒಂದು ದಿನವೂ ಏಳಲಿಲ್ಲ, ಬೇರೆಯವರ ಸರದಿಗೆ ಕಾಯುತ್ತಿದ್ದಳು. ಇತ್ತೀಚೆಗೆ ಅವಳು ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಗಂಗಹನುಮಯ್ಯ ಅವಳನ್ನು ಮನೆಯೊಳಕ್ಕೆ ಕರೆಸಿ ಮಾತಾಡಿದ್ದನ್ನು ಬದ್ರುನ್ನೀಸಾ ನೋಡಿದ್ದಳು. ದೊಡ್ಡಲಕ್ಷ್ಮಮ್ಮನ ಅಳಿಯ ಓಡಿಸುತ್ತಿದ್ದದ್ದು ಗಂಗಹನುಮಯ್ಯನ ಟೆಂಪೊ.

ಗೇಟಿನ ಹತ್ತಿರ ಸದ್ದಾದರೆ ಸಾಕು, ಹೆಂಗಸರ ಕೈ ನಿಲ್ಲುತ್ತಿತ್ತು. ಮಾರಕ್ಕನಿಗೆ ರಾಟೆಯ ಸದ್ದಿನಲ್ಲೂ ಜೀಪಿನ ಸದ್ದು ಕೇಳುತ್ತಿತ್ತು. ನೀರು ಕುಡಿಯಲು ಶುರು ಮಾಡಿದ್ದಳು, ಜ್ವರ ಬಿಟ್ಟಿತ್ತು. ಆದರೂ ಕೂತಲ್ಲಿಂದ ಆಗಾಗ ಎದ್ದು ಗೇಟಿನ ಸಂದಿಯಲ್ಲಿ ನೋಡಿ ಬರುವಳು. ಆಚೆ ಟೀ ಅಂಗಡಿಯ ಬೆಂಚಿನಲ್ಲಿ ಶುಕೂರ್ ಕೂತಿರುತ್ತಿದ್ದ. ಅವನು ತಲೆ ಆಡಿಸಿದರೆ ಇವಳು ಬಂದು ಮತ್ತೆ ಬೇಸಿನ್ನಿಗೆ ಕೈ ಇಡುವಳು.

ಜೀಪು ಬಂದದ್ದು ಒಂದು ಬೆಳಿಗ್ಗೆ, ಟೀ ಬಿಡುವಿನ ಹೊತ್ತಿಗೆ.

ಆಗ ಸೀರೆ ಹಿಡಿದಿದ್ದವಳು ಮಾರಕ್ಕ. ಒಳಗಿದ್ದವಳು ದೊಡ್ಡಲಕ್ಷ್ಮಮ್ಮ. ಹೊಟ್ಟೆ ಕೆಟ್ಟಿತ್ತೋ ಏನೋ, ಬೇರೆ ಸರದಿಗೆ ಕಾಯಲಾಗದೆ, ಮುಖ ನೋಡದೆ, ಸೀರೆಯ ಪಕ್ಕದಿಂದ ನುಸುಳಿ ಒಳಗೆ ಹೋಗಿದ್ದಳು.

ಎಸ್ಸೈ ಇಳಿದ. ಹಿಂದೆ ಇಬ್ಬರು ಪೇದೆಗಳು. ಹೊರಗೆ ಬಂದ ಗಂಗಹನುಮಯ್ಯ ಕೈಕಟ್ಟಿ ಪಕ್ಕದಲ್ಲಿ ನಿಂತ.

"ಮಾರಕ್ಕ ಅಂತ ಹೆಸರಿಟ್ಟುಕೊಂಡಿರೋನು ಯಾರೋ?"

"ನಾನೇ ಸಾರ್."

"ಕಂಪ್ಲೇಂಟ್ ಬಂದಿದೆ. ಹೆಂಗಸರು ಕಕ್ಕಸಿಗೆ ಹೋದಾಗ ಇಣುಕಿ ನೋಡ್ತೀಯಂತೆ. ನಡಿ, ಜೀಪ್ ಹತ್ತು."

ಮಾರಕ್ಕ ಸೀರೆ ಬಿಡಲಿಲ್ಲ. ಕೈ ಅಗಲಿಸಿಕೊಂಡೇ ಇದ್ದಳು. "ಯಾರ್ ಕೊಟ್ಟೋರು ಸಾರ್?"

ಎಸ್ಸೈ ಜೇಬಿನಿಂದ ಕಾಗದ ತೆಗೆದ. "ದೊಡ್ಡಲಕ್ಷ್ಮಮ್ಮ. ಯಾರಮ್ಮ ದೊಡ್ಡಲಕ್ಷ್ಮಮ್ಮ? ಮುಂದೆ ಬಾ."

ಶೆಡ್ಡಿನ ಬಾಗಿಲಲ್ಲಿ ಗುಂಪುಗೂಡಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬದ್ರುನ್ನೀಸಾ ನೆಲಕ್ಕೆ ಉಗಿದಳು. ಮಾರಕ್ಕನ ಬೆನ್ನಿನ ಹಿಂದೆ, ಸೀರೆಯಾಚೆ, ತಂಬಿಗೆ ಕಲ್ಲಿಗೆ ತಾಗಿದ ಸದ್ದಾಯಿತು. ಸೀರೆ ಬಿಟ್ಟರೆ ಆಯಿತು ಎಂದು ಅವಳಿಗೆ ಅನ್ನಿಸಿತು. ಒಂದು ಗಳಿಗೆ, ಬರಿ ಒಂದು ಗಳಿಗೆ ಕೈ ಇಳಿಸಿದರೆ ಸಾಕು. ತನಗೆ ಆದದ್ದು ಆಕೆಗೂ ಆಗಲಿ, ಮೂಟೆಯ ಗಂಡಸರು, ಪೇದೆಗಳು, ಗಂಗಹನುಮಯ್ಯ ಎಲ್ಲ ನೋಡಲಿ. ಅವಳು ಸೀರೆಯ ಅಂಚನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಏಯ್, ಕೇಳಿಸ್ಲಿಲ್ವಾ? ಬಟ್ಟೆ ಬಿಸಾಕು, ಹತ್ತು ಜೀಪು," ಎಂದು ಒಬ್ಬ ಪೇದೆ ಮುಂದೆ ಬಂದು ಸೀರೆಯ ಒಂದು ತುದಿ ಹಿಡಿದ.

"ಒಳಗೆ ಹೆಂಗ್ಸವಳೆ ಸಾರ್. ಅವಳು ಎದ್ದು ಬರೋಗಂಟ ನಾನ್ ಬುಡಾಕಿಲ್ಲ."

"ಯಾರಿದಾರೆ ಒಳಗೆ?"

ಮಾರಕ್ಕ ಹೇಳಲಿಲ್ಲ. ಹೇಳಿದ್ದು ಒಳಗಿನ ದನಿ.

"ನಾನೇ ಕಣಪ್ಪ. ನೀನ್ ಕೂಗ್ದಲ್ಲ, ಅದೇ ದೊಡ್ಡಲಕ್ಷ್ಮಮ್ಮ." ದನಿ ಒಡೆದಿತ್ತು, ಆದರೆ ಎಲ್ಲರಿಗೂ ಕೇಳುವಷ್ಟಿತ್ತು. "ನಿನ್ ಕೈ ತಗಿ ಆ ಸೀರೆ ಮ್ಯಾಲಿಂದ. ಅವಳು ಹಿಡ್ಕಂಡವಳೆ ಅಂತ ನಾನಿಲ್ಲಿ ಕೂತಿವ್ನಿ. ಅವಳ್ನ ಎಳ್ಕೊಂಡೋದ್ರೆ ನಾನೆಂಗೆ ಎದ್ದು ಬರ್ಲಿ?"

ಪೇದೆ ಎಸ್ಸೈ ಮುಖ ನೋಡಿದ. ಎಸ್ಸೈ ಗಂಗಹನುಮಯ್ಯನ ಮುಖ ನೋಡಿದ.

"ಏಯ್ ಲಕ್ಷ್ಮಮ್ಮ, ಆಚೆ ಬಾ," ಎಂದು ಗಂಗಹನುಮಯ್ಯ ಕೂಗಿದ. "ಹೆಬ್ಬೆಟ್ಟು ಒತ್ತಿದ್ದೀಯ ನೀನು. ನಿನ್ನಳಿಯನ್ನ ನೆನಸ್ಕ."

"ನೀನ್ ಒತ್ತಿಸ್ಕಂಡೆ, ನಾನ್ ಒತ್ತಿದೆ. ಇವಾಗ ಹೊಟ್ಟೆ ನೋವು. ನಾನ್ ಬರಾಕಿಲ್ಲ." ಮತ್ತೆ, ಈ ಸಲ ಮೆಲ್ಲಗೆ, ಸೀರೆಗೆ ತೀರ ಹತ್ತಿರದಿಂದ: "ಬುಡ್ಬ್ಯಾಡ ಕಣಮ್ಮಿ."

ಬದ್ರುನ್ನೀಸಾ ಬಂದು ಪೇದೆ ಹಿಡಿದಿದ್ದ ತುದಿಯ ಪಕ್ಕಕ್ಕೇ ಕೈ ಹಾಕಿ ನಿಂತಳು. ಹೊಟ್ಟೆ ಹೊತ್ತುಕೊಂಡು ಚಿನ್ನಮ್ಮ ಬಂದು ಇನ್ನೊಂದು ತುದಿ ಹಿಡಿದಳು. ಉಳಿದ ಹೆಂಗಸರು ಬೇಸಿನ್ನು ಬಿಟ್ಟು ಬಂದರು. ರಸ್ತೆಯ ಕಡೆ ಆಟೊಗಳು ಬಂದು ನಿಂತ ಸದ್ದಾಯಿತು. ಜೀಪು ಒಳಗೆ ಬಂದೊಡನೆ ಗಂಗಹನುಮಯ್ಯ ಗೇಟಿಗೆ ಅಗುಳಿ ಹಾಕಿಸಿದ್ದ. ಗೇಟಿನ ತಗಡನ್ನು ಅಂಗೈಯಿಂದ ಬಡಿಯುತ್ತ ಫಿರೋಜಮ್ಮ ಮಾರಕ್ಕನ ಹೆಸರು ಹಿಡಿದು ಕೂಗುತ್ತಿದ್ದಳು. ಅವಳ ಹಿಂದೆ ಚಪ್ಪಾಳೆಗಳು, ಅವುಗಳ ನಡುವೆ ಶುಕೂರನ ದನಿ.

"ನೋಡಿ, ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಎಲ್ಲರ ಮೇಲೂ ಹಾಕ್ತೀನಿ," ಎಂದ ಎಸ್ಸೈ. ಯಾರೂ ಅಲುಗಾಡಲಿಲ್ಲ. ಅವನು ಗಡಿಯಾರ ನೋಡಿಕೊಂಡ. ಜೀಪಿನ ಇಂಜಿನ್ನು ಓಡುತ್ತಲೇ ಇತ್ತು. ಪೇದೆ ಸೀರೆಯನ್ನು ಎಳೆಯಲೂ ಇಲ್ಲ, ಬಿಡಲೂ ಇಲ್ಲ.

ಬಿಸಿಲು ಗೋಡೆಯಿಂದ ಇಳಿದು ಮಾರಕ್ಕನ ಮುಖಕ್ಕೆ ಬಂತು. ತೋಳು ಸೋತು ಬಿದ್ದುಹೋಗುವಂತಾಗಿ, ಪಕ್ಕದಲ್ಲಿದ್ದವಳು ಮೊಣಕೈಗೆ ತನ್ನ ಕೈ ಕೊಟ್ಟಳು. ಗೇಟು ಬಡಿಯುವುದು ನಿಂತಿರಲಿಲ್ಲ. ಒಳಗೆ ದೊಡ್ಡಲಕ್ಷ್ಮಮ್ಮ ಕೆಮ್ಮಿದಳು, ಎದ್ದು ಬರಲಿಲ್ಲ.